ಸೊಂಟದ ಕೀಲಿ

ಮಾರ್ಚ್ 4, ಮಂಗಳವಾರ

ಯಜಮಾನರಿಗೆ ತಿನ್ನಿಸಿದ್ದಾಯಿತು. ಬಾಯಿ ಒರೆಸಿದ್ದಾಯಿತು. ಮೂಗಿನ ನಳಿಗೆ ಸರಿ ಮಾಡಿದ್ದಾಯಿತು. ಅನ್ನ ಬಿಸಿ ಹೆಚ್ಚಾಯಿತಂತೆ. ನಿನ್ನೆ ಆರಿಹೋಗಿತ್ತಂತೆ. ಉಸಿರಾಡಲು ಮಷೀನ್ ಬೇಕು, ತಪ್ಪು ಹುಡುಕಲು ಯಾವ ಮಷೀನೂ ಬೇಡ ಇವರಿಗೆ.

ಆಕ್ಸಿಜನ್ ಮಷೀನ್ ಮಂಚದ ಪಕ್ಕದಲ್ಲೇ, ಇಡೀ ದಿನ ಬುಸುಗುಡುತ್ತದೆ. ಕರೆಂಟ್ ಹೋದರೆ ಕುಂಯ್ ಕುಂಯ್ ಎಂದು ಕೂಗಿಕೊಳ್ಳುತ್ತದೆ. ಇವತ್ತು ಬೆಳಿಗ್ಗೆ ಹಾಗೇ ಆಯಿತು. ಇವರ ತುಟಿ ನೀಲಿಗಟ್ಟಿತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮದುವೆಯಾದಾಗಿನಿಂದ ಈ ಕೈಯನ್ನು ಹೀಗೆ ಹಿಡಿದದ್ದು ಇದೇ ಮೊದಲು. ಕರೆಂಟ್ ಬಂತು. ಬಿಟ್ಟರು.

ಮಗನಿಗೆ ಫೋನ್ ಮಾಡಿದೆ. ಪ್ರೆಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಸೊಸೆಗೆ ಮಾಡಿದೆ. ಬ್ಯಾಂಕಿನ ಕೌಂಟರಿನಿಂದಲೇ ಮಾತಾಡಿದಳು.

"ಅತ್ತೆ, ಇನ್ನು ತಡ ಮಾಡಬಾರ್ದು. ಜನರೇಟರೋ ಬ್ಯಾಟರಿಯೋ, ಏನಾದ್ರೂ ಒಂದು ಹಾಕ್ಸೋಣ."

ಅಡ್ಡಿಯಿಲ್ಲ, ಬುದ್ಧಿಯಿದೆ. ಹೇಳಲಿಲ್ಲ.

ಮಾರ್ಚ್ 9, ಭಾನುವಾರ

ಅಂಗಡಿಯವನು ಮನೆಗೇ ಬಂದ. ಕುರ್ಚಿ ತುಂಬ ಕೂತ. ಯಜಮಾನರ ಕೋಣೆಯಲ್ಲೇ ಮಾತುಕತೆ.

"ಬ್ಯಾಟರಿ ಆದ್ರೆ ಅಮ್ಮ, ಕರೆಂಟ್ ಹೋಗಿದ್ದು ನಿಮಗೂ ಗೊತ್ತಾಗಲ್ಲ, ಯಜಮಾನ್ರಿಗೂ ಗೊತ್ತಾಗಲ್ಲ. ಕಣ್ಣು ಮಿಟುಕಿಸೋದ್ರಲ್ಲಿ ಅದೇ ಬದಲಾಯಿಸ್ಕೊಳ್ಳುತ್ತೆ. ಸದ್ದಿಲ್ಲ, ಹೊಗೆ ಇಲ್ಲ."

"ಎಷ್ಟು ಹೊತ್ತು ಬರುತ್ತೆ?" ಮಗ ಕೇಳಿದ.

"ಈ ಮಷೀನು, ಒಂದು ಫ್ಯಾನು, ಅಷ್ಟೇ ಆದ್ರೆ ನಾಲ್ಕು ಗಂಟೆ."

"ಜನರೇಟರು?"

"ಎಣ್ಣೆ ಇರೋವರೆಗೂ. ಆದ್ರೆ ಹೊರಗಡೆನೇ ಇಡ್ಬೇಕು. ಯಾರಾದ್ರೂ ಎದ್ದು ಹೋಗಿ ಕೀಲಿ ತಿರುಗಿಸ್ಬೇಕು, ಗೋಡೆ ಮೇಲಿನ ಹಿಡಿ ಕೆಳಗೆ ಎಳೀಬೇಕು. ಅಲ್ಲಿವರೆಗೂ ಏನೂ ನಡೆಯಲ್ಲ."

"ಯಾರಾದ್ರೂ ಅಂದ್ರೆ ಯಾರು?" ನಾನು ಕೇಳಿದೆ.

"ಮನೇಲಿರೋರು. ಹಗಲು ಹೊತ್ತು ಅಂದ್ರೆ ನೀವೇ."

ಒಳಗೆ ಹೋಗಿ ಟೀ ಸೋಸಿದೆ. ತಟ್ಟೆಗೆ ಸ್ವಲ್ಪ ಚೆಲ್ಲಿತು. ತಂದು ಎಲ್ಲರಿಗೂ ಕೊಟ್ಟು ಹೇಳಿದೆ— ಜನರೇಟರ್.

"ಅತ್ತೆ, ನಿಮ್ಮ ಮಂಡಿ ನೋವು ಇಟ್ಕೊಂಡು..."

"ನಾಲ್ಕು ಗಂಟೆ ಆದ್ಮೇಲೆ ನಿಮ್ಮ ಮಾವನ ಮೂಗಿಗೆ ನೀನು ಊದ್ತೀಯಾ?"

ಅಂಗಡಿಯವನು ಬಿಡಲಿಲ್ಲ. ಜನರೇಟರಿಗೂ ಆಟೋ ಪ್ಯಾನೆಲ್ ಬರುತ್ತದಂತೆ. ಹಾಕಿಸಿದರೆ ಯಾರೂ ಏಳಬೇಕಾಗಿಲ್ಲ, ತಾನೇ ಸ್ಟಾರ್ಟ್ ಆಗುತ್ತದಂತೆ.

"ನಾನೇ ಆಟೋ," ಎಂದೆ. "ಈ ಮನೆಗೆ ಬಂದಾಗಿನಿಂದ ಯಾರೂ ಕೀಲಿ ಕೊಡದೆ ಸ್ಟಾರ್ಟ್ ಆಗ್ತಿರೋಳು ನಾನೊಬ್ಬಳೇ."

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ನನ್ನನ್ನು ಬಲ್ಲವರು ಅವರೊಬ್ಬರೇ.

ಮಾರ್ಚ್ 14, ಶುಕ್ರವಾರ

ಬಂತು. ಹಿಂದಿನ ಅಂಗಳದಲ್ಲಿ ತಗಡಿನ ಸೂರಿನ ಕೆಳಗೆ ಕೂರಿಸಿದರು. ಮಗ ಎರಡು ಸಲ ತೋರಿಸಿಕೊಟ್ಟ. ಒಂದೇ ಸಲಕ್ಕೆ ಬಂದಿತ್ತು ನನಗೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಆದರೂ ತಿರುಗಿಸು ಎಂದರೆ ತಿರುಗಿಸಲು ಬರುತ್ತದೆ.

ಬಾಗಿಲ ಪಕ್ಕದ ಮೊಳೆಗೆ ಕೀಲಿ ನೇತುಹಾಕಿದ. ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅಲ್ಲೇ ಇರ್ಲಿ ಬಿಡಮ್ಮ."

"ಕರೆಂಟ್ ಹೋದಾಗ ಮೊಳೆ ಎದ್ದು ಹೋಗುತ್ತಾ?"

ಮೇಲಿನ ಮನೆ ಮೇಷ್ಟ್ರು ಮೆಟ್ಟಿಲಿಳಿದು ಬಂದರು. "ಅಮ್ಮಾವ್ರೇ, ಇದು ಜನರೇಟರಾ ಲಾರಿನಾ?"

"ಲಾರಿ ಆಗಿದ್ರೆ ನಿಮ್ಮನ್ನೇ ಮೊದಲು ಹತ್ತಿಸಿ ಕಳಿಸ್ತಿದ್ದೆ ಮೇಷ್ಟ್ರೇ."

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ

ಪಾತ್ರೆ ತೊಳೆಯುತ್ತಿದ್ದೆ. ಕುಂಯ್ ಕುಂಯ್ ಶುರುವಾಯಿತು. ಯಜಮಾನರು ಸ್ಟೀಲ್ ಲೋಟ ತೆಗೆದು ಮಂಚದ ಕಂಬಿಗೆ ಬಡಿದರು. ಏ... ಏ... ಎಂದರು.

"ಇರಿ, ಬಂದೆ."

ಕೈಯಲ್ಲಿದ್ದ ತಟ್ಟೆ ತೊಳೆದೆ. ಬಾಣಲೆಯ ತಳ ಹತ್ತಿತ್ತು, ಉಜ್ಜಿದೆ. ಕೈ ಒರೆಸಿಕೊಂಡೆ, ಒಂದೊಂದೇ ಬೆರಳು. ಆಮೇಲೆ ಹೊರಟೆ. ಕೀಲಿ ತಿರುಗಿಸಿದೆ. ಗುಡುಗಿತು.

ಒಳಗೆ ಬಂದಾಗ ಬಾಗಿಲನ್ನೇ ನೋಡುತ್ತಿದ್ದರು. ಊಟದ ಹೊತ್ತಿಗೆ ನಾಯಿ ನೋಡುತ್ತದಲ್ಲ, ಹಾಗೆ. ದಿಂಬು ಸರಿಪಡಿಸಿ ಕೇಳಿದೆ, "ತಡ ಆಯ್ತಾ?"

ರುಚಿ ಹತ್ತಿದೆ. ಬರೆಯಲು ನಾಚಿಕೆ ಏನು. ಇದನ್ನು ಓದುವವರು ಯಾರಿದ್ದಾರೆ.

ಮಾರ್ಚ್ 23, ಭಾನುವಾರ

ಭಾನುವಾರದ ಕ್ಷೌರ ಮಗನ ಕೆಲಸ. ಇವತ್ತು ಪ್ರೆಸ್ಸಿನಲ್ಲಿ ಅವಸರದ ಕೆಲಸವಿತ್ತು. ನಾನೇ ಕೂತೆ. ಸೋಪು ಹಚ್ಚಿದೆ. ಎಡಗೆನ್ನೆ ಕೆರೆದೆ. ಬ್ಲೇಡು ಬಟ್ಟಲಿಗೆ ಹಾಕಿ ಎದ್ದೆ. "ಇರಿ, ಬಂದೆ."

ಟೀ ಮಾಡಿಕೊಂಡೆ. ಕೂತು ಕುಡಿದೆ. ಬಲಗೆನ್ನೆಯ ಸೋಪು ಒಣಗಿ ಸುಣ್ಣವಾಯಿತು.

"ಇದೇನತ್ತೆ, ಅರ್ಧ?" ಸೊಸೆ ಬಂದು ನೋಡಿದಳು.

"ಇನ್ನರ್ಧ ಸಂಜೆಗೆ."

ಅವಳಿಗೆ ಅರ್ಥವಾಗಲಿಲ್ಲ. ಇವರಿಗೆ ಆಯಿತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ನಮ್ಮ ಮೊದಲನೆಯದು ಹೆಣ್ಣು. ಮೂರು ವರ್ಷದ್ದು. ಒಂದು ಬೆಳಿಗ್ಗೆ ಗಂಟಲು ಕಟ್ಟಿ ಉಸಿರು ಸಿಗದೆ ನನ್ನ ತೋಳಿನಲ್ಲಿ ಒದ್ದಾಡಿತು. ಡಾಕ್ಟರ ಮನೆ ಎರಡು ಬೀದಿಯಾಚೆ. ಸೈಕಲ್ ಇವರದು. ಇವರು ಕನ್ನಡಿ ಮುಂದೆ, ಮುಖದ ತುಂಬ ಸೋಪು. ಕಿರುಚಿದೆ. "ಇರು, ಬಂದೆ" ಎಂದರು. ಎಡಗೆನ್ನೆ ಕೆರೆದರು. ಬಲಗೆನ್ನೆ ಕೆರೆದರು. ಮೀಸೆಯ ತುದಿ ಎರಡೂ ಸಮ ಬಂತೇ ಎಂದು ಓರೆಯಾಗಿ ನೋಡಿಕೊಂಡರು. ಮುಖ ಒರೆಸಿ ಅಂಗಿ ಹಾಕಿಕೊಂಡು ಬಂದಾಗ ಮಗು ಸುಮ್ಮನಾಗಿತ್ತು.

"ಮಲಗಿದೆಯಲ್ಲ," ಎಂದರು. "ಸುಮ್ನೆ ಗಾಬರಿ ಮಾಡ್ತೀಯ."

ಮಾರ್ಚ್ 24, ಸೋಮವಾರ

ಹನ್ನೊಂದಕ್ಕೆ ಕರೆಂಟ್ ಹೋಯಿತು. ಲೋಟ ಬಡಿದರು. ಕೀಲಿ ಹಿಡಿದು ಬಾಗಿಲಲ್ಲಿ ನಿಂತೆ.

"ಮೊದಲನೇದರ ನೆನಪಿದೆಯಾ?"

"ಯಾವುದು?"

"ಹುಡುಗಿ."

"ಯಾವ ಹುಡುಗಿ... ಹೋಗೇ... ತಿರುಗಿಸೇ..."

ಹೋದೆ. ದಾರಿಯಲ್ಲಿ ಎರಡು ಹೂಕುಂಡ ಒಣಗಿದ್ದವು. ನೀರು ಹಾಕಿದೆ. ಎರಡಕ್ಕೂ.

ಯಾವ ಹುಡುಗಿಯಂತೆ.

ಏಪ್ರಿಲ್ 3, ಗುರುವಾರ

ಇಷ್ಟು ದಿನ ಕರೆಂಟ್ ಹೋಗಲೇ ಇಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಹೋಯಿತು. ಬಟ್ಟೆ ಮಡಿಸುತ್ತಿದ್ದೆ, ಮಡಿಸುತ್ತಲೇ ಇದ್ದೆ. ತಲೆನೋವೆಂದು ಬ್ಯಾಂಕಿನಿಂದ ಬೇಗ ಬಂದ ಸೊಸೆ ಗೇಟಿನಲ್ಲೇ ಮೇಷ್ಟ್ರ ಕೈಗೆ ಸಿಕ್ಕಿದಳು. ಅವರ ದನಿ ಇಲ್ಲಿಯವರೆಗೂ ಕೇಳಿಸಿತು. "ಕರೆಂಟ್ ಹೋಗಿ ಎಷ್ಟೋ ಹೊತ್ತಾದ್ಮೇಲೆ ಶುರುವಾಗುತ್ತಮ್ಮ ನಿಮ್ಮ ಲಾರಿ. ಅಲ್ಲಿವರೆಗೂ ಯಾರೋ ಲೋಟ ಬಡೀತಿರ್ತಾರೆ."

ಒಳಗೆ ಓಡಿ ಬಂದಳು. ನನ್ನ ಸೊಂಟದಿಂದ ಕೀಲಿ ಕಿತ್ತುಕೊಂಡು ಹೋಗಿ ತಿರುಗಿಸಿದಳು. ತಿರುಗಿ ಬಂದು ನಿಂತಳು.

"ಕೀಲಿ ಎಲ್ಲಿತ್ತು ಅತ್ತೆ?"

"ಸೊಂಟದಲ್ಲಿ."

"ನೀವು?"

"ಸೊಂಟದ ಜೊತೆಗೇ."

ನಗಲಿಲ್ಲ. ಮಡಿಸಿದ ಬಟ್ಟೆ ನೋಡಿದಳು. ಕರವಸ್ತ್ರಗಳನ್ನೂ ಮಡಿಸಿಟ್ಟಿದ್ದೆ. ಅಂಗಡಿಯವನಿಗೆ ಫೋನ್ ಮಾಡಿದಳು. ಬ್ಯಾಟರಿ ಈಗ ಇಲ್ಲ, ಹದಿನಾಲ್ಕನೇ ತಾರೀಕಿಗೆ ಬರುತ್ತದಂತೆ. ಮಗನಿಗೆ ಹೇಳಿದ್ದು, ಅತ್ತೆಗೆ ಮಂಡಿ ನೋವು ಜಾಸ್ತಿ ಎಂದು. ಕೀಲಿ ವಾಪಸ್ ಕೊಟ್ಟಳು, ಹಗಲಿಗೆ ಬೇರೆ ಯಾರಿದ್ದಾರೆ. ಕೊಡುವಾಗ ಹೇಳಿದಳು, "ನಾನು ಏನೂ ಕೇಳಲ್ಲ. ಹನ್ನೊಂದು ದಿನ ಅತ್ತೆ, ಅಷ್ಟೇ."

ನನ್ನ ಮಾನ ಉಳಿಸಿದಳೋ, ಕೈ ಕಟ್ಟಿದಳೋ.

ಏಪ್ರಿಲ್ 11, ಶುಕ್ರವಾರ

ಅವರ ಪಕ್ಕದಲ್ಲೇ ಕೂತಿದ್ದೆ, ನಳಿಗೆ ಒರೆಸುತ್ತ. ಕರೆಂಟ್ ಹೋಯಿತು. ಏಳಲು ಹೋದೆ. ಸೊಸೆಯ ಮಾತಿಗಲ್ಲ, ಹಾಗೇ ಎದ್ದೆ. ಮಣಿಕಟ್ಟು ಹಿಡಿದರು.

"ಇರು."

ಇದ್ದೆ. ಮಷೀನ್ ಕೂಗುತ್ತಿತ್ತು. ಎದೆ ಎತ್ತೆತ್ತಿ ಹಾಕುತ್ತ, ಒಂದೊಂದೇ ಮಾತು.

"ಅವಳು... ಎಷ್ಟು ಹೊತ್ತು... ಕಾದ್ಲು?"

ಮರೆತಿರಲಿಲ್ಲ. ಒಂದು ದಿನವೂ ಮರೆತಿರಲಿಲ್ಲ ಈ ಮನುಷ್ಯ. ಯಾವ ಹುಡುಗಿ ಎಂದಿದ್ದರು.

ಕೈ ಬಿಡಿಸಿಕೊಂಡು ಓಡಿದೆ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ. ಹೊಸ್ತಿಲು ಎಡವಿದೆ. ಮೊದಲ ಸಲ ಕೀಲಿ ಸರಿಯಾಗಿ ಕೂರಲಿಲ್ಲ.

ಬಂದು ನೋಡಿದರೆ ಉಸಿರು ಮರಳಿತ್ತು. ತುಟಿ ಕೊಂಕಿತ್ತು. "ಮಂಡಿ ನೋವು... ವಾಸಿಯಾಯ್ತಾ?"

ಇವರ ಬಾಯಿ ಸೇದಿಹೋಗ. ಇವರಿಂದ ಕೇಳಬೇಕೆಂದಿದ್ದ ಮಾತು ಕೇಳಿದ್ದಾಯಿತು. ಗೆದ್ದವಳು ಹೀಗೆ ಓಡುತ್ತಾಳೆಯೇ.

ಏಪ್ರಿಲ್ 14, ಸೋಮವಾರ

ನಾಲ್ಕು ಗಂಟೆಗೆ ಬ್ಯಾಟರಿ ಬರುತ್ತದೆ. ನಾಳೆಯಿಂದ ಕರೆಂಟ್ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಬೇಕಾಗಿಲ್ಲ.

ಬೆಳಿಗ್ಗೆ ಕ್ಷೌರ ಮಾಡಿದೆ. ಎರಡೂ ಕೆನ್ನೆ. ಮೀಸೆಯ ತುದಿ ಎರಡೂ ಸಮ ಮಾಡಿದೆ. ಕನ್ನಡಿ ಹಿಡಿದೆ, ನೋಡಿಕೊಳ್ಳಲಿಲ್ಲ. ನನ್ನನ್ನೇ ನೋಡಿದರು. ಊಟ ಕೊಟ್ಟರೆ ಬಿಸಿ ಎನ್ನಲಿಲ್ಲ, ತಣ್ಣಗೆ ಎನ್ನಲಿಲ್ಲ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈಗ ಫ್ಯಾನ್ ನಿಂತಿತು. ಕುಂಯ್ ಕುಂಯ್.

ಲೋಟ ಬಡಿಯುತ್ತಿಲ್ಲ.

ಕೈಗೆಟುಕುವಲ್ಲೇ ಇಟ್ಟಿದ್ದೇನೆ. ನೋಡಿಯೇ ಬಂದಿದ್ದೇನೆ. ಗೊತ್ತು ಇವರ ಆಟ. ಬಡಿದರೆ ನಾನು 'ಇರಿ, ಬಂದೆ' ಎನ್ನಬಹುದು. ಬಡಿಯದಿದ್ದರೆ ಯಾರನ್ನು ಕಾಯಿಸಲಿ? ಕಡೆಯ ದಿನವೂ ಇವರೇ ಗೆಲ್ಲಬೇಕು. ಬಡಿಯಲಿ. ಇಲ್ಲವೇ ಒಂದು ಸಲ ಏ ಎನ್ನಲಿ, ಎದ್ದೆ. ಕೀಲಿ ಕೈಯಲ್ಲೇ ಹಿಡಿದಿದ್ದೇನೆ, ಒದ್ದೆಯಾಗಿದೆ.

ಮೇಲೆ ಮೇಷ್ಟ್ರು ಕಿಟಕಿ ತೆಗೆದ ಸದ್ದು. ಲಾರಿ ಯಾಕೆ ಕೇಳಿಸುತ್ತಿಲ್ಲ ಎಂದೇನೋ.

ಮಷೀನಿನ ಕೂಗೂ ನಿಂತಿತು, ಫ್ಯಾನ್ ಇನ್ನೂ ತಿರುಗಿಲ್ಲ.

ರೀ, ಎಂದೆ. ಇಲ್ಲಿಂದಲೇ. ಜೋರಾಗಿಯೇ ಎಂದೆ. ಉತ್ತರವಿಲ್ಲ. ಮಲಗಿರಬೇಕು. ಸುಮ್ಮನೆ ಗಾಬರಿ