ಚಿಕ್ಕಮ್ಮನ ಹಾಡು ಕದ್ದವರು

ಶುಕ್ರವಾರ, ಊಟದ ಬಿಡುವು

ನನ್ನ ಮುದ್ದು ಚಿಕ್ಕಮ್ಮನಿಗೆ,

ಕಣ್ಣಿನ ಆಪರೇಷನ್ ಸಲೀಸಾಗಿ ಮುಗಿಯಿತೆಂದು ಅಮ್ಮ ಹೇಳಿದಳು. ಕಟ್ಟು ಬಿಚ್ಚುವವರೆಗೆ ಪೇಪರು, ಪತ್ರ ಎಲ್ಲವನ್ನೂ ಚಿಕ್ಕಪ್ಪನೇ ಓದಿ ಹೇಳುತ್ತಾರಂತೆ. ನೀನು ಪಕ್ಕದಲ್ಲಿ ಕೂತು, ರೈಲೇನಾದ್ರೂ ತಪ್ಪುತ್ತಾ, ನಿಧಾನ ಓದ್ರೀ ಎಂದು ಗದರುತ್ತೀಯಂತೆ. ಫೋನಿನಲ್ಲಿ ನನಗೆ ಹೂಂ, ಉಹೂಂ ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿ.ಡಿ. ಕಂಪನಿಯಲ್ಲಿ ನೀನು ಹೇಳಿ ಕೊಡಿಸಿದ ಕೆಲಸ ನಡೆದಿದೆ. ನೀನು ನಿಂತು ಹಾಡಿದ ರೆಕಾರ್ಡಿಂಗ್ ಕೋಣೆಯಲ್ಲೇ ನನ್ನ ಮೇಜು. ಈಗ ಹಾಡಿಸುವವರಿಲ್ಲ; ಅರ್ಧ ಕೋಣೆಯನ್ನು ಚಪ್ಪಲಿ ಅಂಗಡಿಯವರಿಗೆ ಗೋದಾಮಿಗೆಂದು ಬಾಡಿಗೆ ಕೊಟ್ಟಿದ್ದಾರೆ. ಕಿಟಕಿಯಿಲ್ಲ. ಗೋಡೆಯ ಮೆತ್ತೆ ಹಾಗೇ ಇದೆ, ಕೆಮ್ಮಿದರೆ ಸದ್ದು ಅಲ್ಲೇ ಇಂಗಿಹೋಗುತ್ತದೆ. ಒಮ್ಮೊಮ್ಮೆ ಬಾಗಿಲು ಕಚ್ಚಿಕೊಳ್ಳುತ್ತದೆ. ಸಾಹೇಬರು ಹೊರಗಿನಿಂದ ಒದೆಯುವವರೆಗೂ ಕಾಯುತ್ತೇನೆ, ಕೂಗಿ ಪ್ರಯೋಜನವಿಲ್ಲ.

ಕಂಪನಿಯ ಹಾಡುಗಳನ್ನು ಬಿಟ್ಟಿಯಾಗಿ ಇಳಿಸಿಕೊಳ್ಳಲು ಇಂಟರ್ನೆಟ್ಟಿನಲ್ಲಿ ಯಾರು ಎಲ್ಲಿ ಇಟ್ಟಿದ್ದಾರೆಂದು ಹುಡುಕಿ, ತೆಗೆಯಿರಿ ಎಂದು ನೋಟಿಸು ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ತೆಗೆಸಿದ್ದು ಸಂಜೆಗೆ ಬೇರೆ ಹೆಸರಿನಲ್ಲಿ ಹಾಜರು. ಸಾಹಿತ್ಯ ಓದಿದ್ದು ಕಳ್ಳರಿಗೆ ವಿನಯದಿಂದ ಪತ್ರ ಬರೆಯಲಿಕ್ಕಾ ಎಂದು ಅಮ್ಮ ನಗುತ್ತಾಳೆ.

ಈ ತಿಂಗಳು ನಿನ್ನ ಲಾಲಿ ಹಾಡುಗಳ ಸರದಿ. ಸಿ.ಡಿ. ಅಂಗಡಿಗೆ ಬರುವ ಮುಂಚೆಯೇ ಯಾರೋ ಇಂಟರ್ನೆಟ್ಟಿಗೆ ಹಾಕಿದ್ದು, ಪೆಟ್ಟಿಗೆಗಟ್ಟಲೆ ವಾಪಸು ಬಂದದ್ದು, ನಿನ್ನ ಎರಡನೆಯ ಸಿ.ಡಿ.ಯನ್ನು ಕಂಪನಿ ಕೈಬಿಟ್ಟದ್ದು, ಪಿಟೀಲಿನವರು ಟೈಪಿಂಗ್ ಕಲಿಸಲು ಹೋದದ್ದು, ಇದನ್ನೆಲ್ಲ ನಿನಗೆ ನಾನು ಹೇಳಬೇಕೇ? ಊಟಕ್ಕೆ ಕೂತಾಗಲೆಲ್ಲ ನೀನು ಹಾಕಿದವನ ಕೈ ಸೇದಿಹೋಗಲಿ ಎಂದು ಶಪಿಸುವುದನ್ನು ಕೇಳುತ್ತಲೇ ದೊಡ್ಡವಳಾದೆ.

ಮೊದಲು ಹಾಕಿದವರು ಸಿಕ್ಕರೆ ಕೇಸು ಜಡಿದು ಪೇಪರಿನಲ್ಲಿ ಬರುವಂತೆ ಮಾಡುವುದು ಸಾಹೇಬರ ಹಟ. “ಒಬ್ಬ ಸಿಕ್ಕಿಬಿದ್ರೆ ಉಳಿದೋರು ಬಾಲ ಮುದುರ್ತಾರೆ. ಈ ತಿಂಗಳೊಳಗೆ ಹೆಸರು ಕೊಡಿ. ಇಲ್ಲಾಂದ್ರೆ ನಿಮ್ಮನ್ನಿಟ್ಕೊಂಡು ನಾನೇನ್ ಮಾಡ್ಲಿ?” ಎಂದರು. ತಲೆಯಾಡಿಸಿದೆ. ಎಲ್ಲ ಪ್ರತಿಗಳನ್ನೂ ಕೇಳಿದ್ದಾಯಿತು. ಯಾರೆಂದು ಗೊತ್ತಾಗಲಿಲ್ಲ ಚಿಕ್ಕಮ್ಮ. ಗೊತ್ತಾಗುವಂತೆಯೂ ಕಾಣುವುದಿಲ್ಲ.

ಹಾಡಿನ ಕೆಳಗೆ ಒಬ್ಬಾಕೆ ಬರೆದಿದ್ದಾಳೆ: ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಮಗುವನ್ನು ಮುಟ್ಟಲು ಬಿಡುತ್ತಿರಲಿಲ್ಲವಂತೆ, ನಿನ್ನ ದನಿಯನ್ನಷ್ಟೇ ಕೇಳಿಸುತ್ತಿದ್ದಳಂತೆ, ಈಗ ಅದು ಶಾಲೆಗೆ ಹೋಗುತ್ತದಂತೆ. ಕದ್ದ ಹಾಡೇ, ನಿಜ. ಆದರೂ ಹೇಳದಿರಲಾಗಲಿಲ್ಲ. ಸಿಟ್ಟಾಗಬೇಡ.

ನಿನ್ನ ಅಕ್ಕನ ಮಗಳು,
ಇಲಿಮರಿ

ವಿ.ಸೂ.: ಚಿಕ್ಕಪ್ಪ, ಈ ಹಾಳೆ ಬೇರೆ, ನಿಮಗೊಬ್ಬರಿಗೇ. ಬಾಯಿಬಿಟ್ಟು ಓದಬೇಡಿ. ಮೊಟ್ಟಮೊದಲು ಹಾಕಿದ ಪ್ರತಿಯಲ್ಲಿ ಹಾಡಿಗೂ ಮುಂಚೆ ಒಂದು ಗಂಡು ದನಿಯಿದೆ: “ಹೆದರ್ಕೋಬೇಡ್ವೇ, ನಾನಿದೀನಲ್ಲ, ಹಾಡು.” ಮಾರಿದ ಸಿ.ಡಿ.ಯಲ್ಲಿ ಅದನ್ನು ಕತ್ತರಿಸಿದ್ದಾರೆ. ಕತ್ತರಿಸದ ಪ್ರತಿ ನಿಮ್ಮ ಮನೆಗೆ ಮಾತ್ರ ಬಂದಿತ್ತು. ಹೆಂಡತಿಯ ಹಾಡು ನಾಲ್ಕು ಜನ ಕೇಳಲಿ ಎಂಬ ಸಡಗರಕ್ಕೆ ಹಾಕಿದ್ದೀರಿ, ಅಷ್ಟೇ ಎಂದು ನನಗೆ ಗೊತ್ತು. ನಾನು ಹೆಸರು ಕೊಡುವುದಿಲ್ಲ. ಆದರೆ ನನ್ನನ್ನು ಕೆಲಸದಿಂದ ಬಿಡಿಸಿದ ಮೇಲೆ ಆ ಪ್ರತಿಗಳನ್ನು ಕೇಳಲು ಕೂರುವವರು ಸಾಹೇಬರೇ. ನಿಮ್ಮ ದನಿ ಅವರಿಗೂ ಗೊತ್ತು. ಇಷ್ಟು ಹೊತ್ತಿಗೆ ಚಿಕ್ಕಮ್ಮ, ಯಾಕ್ರೀ ಸುಮ್ನಾದ್ರಿ ಎಂದು ಕೇಳಿರುತ್ತಾಳೆ. ಏನಾದರೂ ಹೇಳಿ.