ಅಡ್ಡತೊಲೆ ಒಳಗೆ ಬರುವ ದಿನ

ಜನವರಿ 13, ಶನಿವಾರ. ಬೆಳಿಗ್ಗೆ 7

ಒತ್ತಡದ ಮುಳ್ಳು 1.2. ಗಾಳಿ ಊದುವ ಬ್ಲೋವರ್ ಎರಡೂ ಸರಿ. ಹೊರಗೆ ಮೈನಸ್ ಹನ್ನೊಂದು. ಗಾಳಿ ತುಂಬಿ ನಿಲ್ಲಿಸಿದ ಡೋಮ್ ಒಳಗೆ ಹದಿಮೂರು ವರ್ಷದೊಳಗಿನ ಹುಡುಗಿಯರ ಪ್ರಾಕ್ಟೀಸ್. ಗೋಲ್ ಕಾಯುವುದು ನನ್ನ ಮೊಮ್ಮಗಳು ನೊಯೇಮಿಯಾ. ಬಂದವಳೇ ಅಜ್ಜನಿಗೆ ದಿನದ ಕೀಟಲೆ—

"ವವೋ, ನಿನ್ನ ಬಲೂನು ಗಟ್ಟಿಯಾಗಿದೆ ತಾನೆ?"

"ನೀನು ಚೆಂಡು ಬಿಡ್ಬೇಡ. ನಾನು ಗಾಳಿ ಬಿಡಲ್ಲ."

ಆಮೇಲೆ ಅಮಾನ್ಸಿಯು ಮಾಮ ಬಂದರು. ಎಂಬತ್ತಾರು. ಈ ಫುಟ್‌ಬಾಲ್ ಕ್ಲಬ್ ಕಟ್ಟಿದ ಹನ್ನೊಂದು ಜನರಲ್ಲಿ ಉಳಿದವರು ಇವರೊಬ್ಬರೇ.

"ಐವತ್ತು ವರ್ಷ ಆಯ್ತಲ್ಲೋ ಬಾಲ್ತಜಾರ್. ಕ್ಲಬ್ಬಿನ ಚರಿತ್ರೆ ಎರಡು ಪುಟ ಬರ್ಕೊಡು. ಸ್ಥಾಪಕರ ದಿನ ನಾನೇ ಓದ್ತೀನಿ."

"ಕೋಚುಗಳು ಬರೀಲಿ ಮಾಮ."

"ಅವರಿಗೇನ್ ಗೊತ್ತು? ಹುಡುಗರ ಎದೆಬಡಿತ ಲೆಕ್ಕ ಹಾಕೋದು ಬಿಟ್ಟು?"

ಒಪ್ಪಿಕೊಂಡೆ. ಅವರ ಮುಂದೆ ಇಲ್ಲ ಅನ್ನಲು ನನಗೆ ಈ ಅರವತ್ಮೂರಕ್ಕೂ ಬರುವುದಿಲ್ಲ.

ಜನವರಿ 16, ಮಂಗಳವಾರ

ಒಂದು ಪುಟ ಆಯಿತು. 1974. ಪೋರ್ಚುಗಲ್ಲಿನ ಅಸೋರಿಸ್ ದ್ವೀಪಗಳಿಂದ ಕೆನಡಾಕ್ಕೆ ಬಂದು ಒಂಟಾರಿಯೊದ ತಂಬಾಕು ತೋಟಗಳಲ್ಲಿ ದುಡಿದವರು. ಚರ್ಚಿನ ನೆಲಮನೆಯಲ್ಲಿ ಮೊದಲ ಸಭೆ. ಕ್ಲಬ್ಬಿನ ಹೆಸರು ಎಸ್ಪೆರಾನ್ಸಾ. ಗೋಲಿನ ಅಡ್ಡತೊಲೆಗೆ ಮರ ಇರಲಿಲ್ಲ. ತಂಬಾಕು ಒಣಗಿಸುವ, ಬಿದ್ದುಹೋದ ಕೊಟ್ಟಿಗೆಯೊಂದರ ತೊಲೆ ಬಿಚ್ಚಿ ತಂದರು, ನಮ್ಮಪ್ಪನೇ ಕೆತ್ತಿದ್ದು. ಇಪ್ಪತ್ನಾಲ್ಕು ಅಡಿ ಚಿಲ್ಲರೆ. ಇವತ್ತಿಗೂ ಮೂಸಿದರೆ ತಂಬಾಕಿನ ವಾಸನೆ. ಅರೆವೃತ್ತಿಪರ ಲೀಗ್, ಎರಡು ಕಪ್, ಅಕಾಡೆಮಿ... ಎಲ್ಲ ಆಮೇಲೆ ಬಂದದ್ದು. ಸ್ಥಾಪಕರ ದಿನ ಆ ತೊಲೆಯನ್ನು ಹೆಗಲ ಮೇಲೆ ತರುತ್ತಾರೆ. ಅಕಾಡೆಮಿಗೆ ಹೊಸದಾಗಿ ಸೇರಿದ ಮಕ್ಕಳು ಅದರ ಕೆಳಗೆ ನುಸುಳಿ ಬರಬೇಕು. ಆಮೇಲೆಯೇ ಅಂಗಿ.

ಇನ್ನೊಂದು ಪುಟದಲ್ಲಿ ಪೆನ್ನು ನಿಂತಿದೆ. 2010. ಡೋಮ್ ಬಂದ ಮೊದಲ ಚಳಿಗಾಲ. ಲಾರಿ ಒಳಬರುವ ಬಾಗಿಲಿಗೆ ಹೊರಗೊಂದು, ಒಳಗೊಂದು ಕದ, ನಡುವೆ ಇಪ್ಪತ್ತು ಅಡಿ ಕೋಣೆ. ಒಂದು ಮುಚ್ಚದೆ ಇನ್ನೊಂದು ತೆರೆಯಬಾರದು, ಗಾಳಿಯೆಲ್ಲ ನುಗ್ಗಿ ಹೋಗುತ್ತದೆ. ತೊಲೆ ಆ ಕೋಣೆಗಿಂತ ನಾಲ್ಕು ಅಡಿ ಉದ್ದ. ಮುದುಕರೆಲ್ಲ ಹಿಮದಲ್ಲಿ ನಿಂತು, ಡೋಮ್ ನೋಡಿಕೊಳ್ಳುವ ನನ್ನ ಮುಖ ನೋಡಿದರು. "ಒಂದು ನಿಮಿಷಕ್ಕೆ ಏನೂ ಆಗಲ್ಲ" ಎಂದು ಎರಡೂ ತೆರೆದವನು ನಾನು. ನಲವತ್ತು ಸೆಕೆಂಡ್. ಚಾವಣಿ ಸ್ವಲ್ಪ ಜೋತುಬಿತ್ತು, ಮತ್ತೆ ಎದ್ದಿತು. ಜನ ಚಪ್ಪಾಳೆ ಹೊಡೆದರು. ಆಮೇಲೆ ಪ್ರತಿ ವರ್ಷ. 2012ರಲ್ಲಿ ನಾನು ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದೆ, ಆಗಲೂ ತೊಲೆ ಒಳಗೆ ಬಂತು.

ಸದ್ಯಕ್ಕೆ "ತೊಲೆಯನ್ನು ಡೋಮ್ ಒಳಗೆ ತರಲಾಯಿತು" ಎಂದಷ್ಟೇ ಬರೆದಿದ್ದೇನೆ.

ಜನವರಿ 27

ಎರಡನೇ ಬ್ಲೋವರ್ ಕೀರಲು ದನಿ ತೆಗೆಯುತ್ತಿದೆ. ಬೇರಿಂಗ್ ಹೋಗಿದೆ. ಹೊಸದು ಫೆಬ್ರವರಿ ಇಪ್ಪತ್ತಕ್ಕೆ ಬರುತ್ತದಂತೆ. ಸ್ಥಾಪಕರ ದಿನ ಹದಿನೆಂಟು.

ಫೆಬ್ರವರಿ 4, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಬೇಕರಿಯಲ್ಲಿ ಮಾಮನನ್ನು ಹಿಡಿದೆ.

"ಈ ಸಲ ತೊಲೆ ಹೊರಗೇ ಇರ್ಲಿ ಮಾಮ. ಒಂದೇ ಬ್ಲೋವರ್ ಇದೆ. ಮೇಲೆ ಹಿಮ ಕೂತಿದ್ರೆ, ಗಾಳಿ ಹೋದ ತಕ್ಷಣ ಎಲ್ಲಾ ಕೆಳಗೆ ಬರುತ್ತೆ."

"ಐವತ್ತನೇ ವರ್ಷ. ತೊಲೆ ಹೊರಗೆ. ಚೆನ್ನಾಗಿದೆ."

"ಮಕ್ಕಳಿರ್ತಾರೆ ಮಾಮ."

"ಒಂದು ನಿಮಿಷಕ್ಕೆ ಏನೂ ಆಗಲ್ಲ ಅಂತ ನಮಗೆ ಹೇಳ್ಕೊಟ್ಟೋನು ಯಾರಪ್ಪಾ?"

ಸುತ್ತ ಕೂತವರು ನಕ್ಕರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಫೆಬ್ರವರಿ 11

ಅರ್ಧ ಅಡಿ ಹಿಮ. ಡೋಮ್ ಮೇಲೆ ಹಗ್ಗ ಎಸೆದು, ಆ ಕಡೆ ಇಬ್ಬರು ಈ ಕಡೆ ಇಬ್ಬರು ಗರಗಸದ ಹಾಗೆ ಎಳೆದೆವು. ಒಣ ಹಿಮ, ಜಾರಿತು. ಹಸಿ ಹಿಮವಾಗಿದ್ದರೆ ಜಾರುತ್ತಿರಲಿಲ್ಲ.

ಫೆಬ್ರವರಿ 16, ಶುಕ್ರವಾರ

ಭಾನುವಾರ ಹಿಮದ ಜೊತೆ ಮಳೆ ಅಂತೆ. ಅಕಾಡೆಮಿಯ ಮುಖ್ಯಸ್ಥೆ ಲಾರೆಲ್‌ಗೆ ಎಲ್ಲ ಹೇಳಿದೆ. ಅವಳು ಮಾಮನ ಮನೆಗೇ ಹೋದಳು. ತೊಲೆ ಹೊರಗೇ ಇಡಲು ಅವರು ಒಪ್ಪಿದರಂತೆ.

"ಏನಂದ್ರು?"

"ಆಯ್ತಮ್ಮ, ನಿಮ್ಮಿಷ್ಟ ಅಂದ್ರು. ಒಂದೇ ಮಾತಿಗೆ!"

ಒಂದೇ ಮಾತಿಗೆ. ಮಾಮ ಯಾವತ್ತೂ ಒಂದೇ ಮಾತಿಗೆ ಒಪ್ಪಿದವರಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಫೆಬ್ರವರಿ 18, ಭಾನುವಾರ. ಬೆಳಿಗ್ಗೆ 8.15

ಗಂಜಿಯಂಥ ಹಿಮ. ಹಗ್ಗ ಎಳೆದರೆ ಅದರಲ್ಲೇ ಹೂತುಕೊಳ್ಳುತ್ತಿದೆ. ಬ್ಲೋವರನ್ನು ಪೂರ್ತಿ ಏರಿಸಿದ್ದೇನೆ. ಮುಳ್ಳು 1.7. ಈ ಭಾರಕ್ಕೆ 1.5ರ ಕೆಳಗೆ ಇಳಿಯಬಾರದು.

"ರದ್ದು ಮಾಡಮ್ಮ" ಎಂದೆ ಲಾರೆಲ್‌ಗೆ.

"ಎಲ್ಲರೂ ಆಗಲೇ ಹೊರಟಿದ್ದಾರೆ ಬಾಲ್ತಜಾರ್. ತೊಲೆ ಹೇಗೂ ಬರಲ್ಲ. ಹನ್ನೊಂದೂವರೆಗೆ ಮನೆಗೆ ಕಳಿಸ್ಬಿಡ್ತೀನಿ, ಸತ್ಯವಾಗ್ಲೂ."

ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಲಾರಿ ಬಾಗಿಲ ಎರಡೂ ಕದಕ್ಕೆ ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿ.

9.40

ನೂರನಲವತ್ತು ಮಕ್ಕಳು, ಜೊತೆಗೆ ಅಪ್ಪ ಅಮ್ಮಂದಿರು. ನೊಯೇಮಿಯಾ ಬ್ಲೋವರ್ ಕೋಣೆಗೆ ಇಣುಕಿದಳು. ಹೊಸ ಗ್ಲೌಸ್.

"ಗಟ್ಟಿಯಾಗಿದೆ ತಾನೆ?"

"ಗಟ್ಟಿಯಾಗಿದೆ, ಹೋಗು."

ಮುಳ್ಳು 1.6. ಬ್ಲೋವರ್ ಸದ್ದು ಬಿಟ್ಟರೆ ಇಲ್ಲಿ ಏನೂ ಕೇಳಿಸುವುದಿಲ್ಲ. ಇಲ್ಲಿಂದ ಏಳುವ ಹಾಗಿಲ್ಲ.

10.30

1.6. ಮಾಮ ಚರಿತ್ರೆಯ ಹಾಳೆ ಕೇಳಲು ಬರಲೇ ಇಲ್ಲ. ಒಳ್ಳೆಯದೇ ಆಯಿತು. ಎರಡನೇ ಪುಟ ಈಗ ತಿದ್ದಿದೆ: 2010ರಲ್ಲಿ ಎರಡೂ ಬಾಗಿಲು ತೆರೆದವನು ಬಾಲ್ತಜಾರ್, ಅದು ತಪ್ಪು, ಇನ್ನು ಮುಂದೆ ಯಾರೂ ತೆರೆಯಬಾರದು. ಬರೆದ ಮೇಲೆ ಎದೆ ಹಗುರ. ಇನ್ನೊಂದು ಗಂಟೆ.

10.52

ಚಪ್ಪಾಳೆ. ಬ್ಲೋವರ್ ಸದ್ದನ್ನೂ ಮೀರಿ ಕೇಳಿಸುತ್ತಿದೆ. ಯಾರೋ ಗೋಲ್ ಹೊಡೆದಿರಬೇಕು...

ನಿಲ್ಲುತ್ತಿಲ್ಲ.

ಮುಳ್ಳು 1.3. ಬ್ಲೋವರ್ ಓಡುತ್ತಲೇ ಇದೆ. 1.1.

ಕೀಲಿ ಜೇಬಿನಲ್ಲೇ ಇದೆ, ಮುಟ್ಟಿ ನೋಡಿದೆ. ಮತ್ತೆ ಬಾಗಿಲು ಹೇಗೆ—

2012. ನಾನು ಆಸ್ಪತ್ರೆಯಲ್ಲಿ. ನೋಡಲು ಬಂದ ಮಾಮನ ಕೈಗೆ ಲಾರಿ ಬಾಗಿಲಿನ ಇನ್ನೊಂದು ಕೀಲಿ ಕೊಟ್ಟೆ. ನಾನೇ ಕೊಟ್ಟೆ. ವಾಪಸ್ ಕೇಳಲೇ ಇಲ್ಲ

0.8 ನೊಯೇಮಿ