ಮೇಧಾಳ ಗಂಟಲು

ಶಿರಸಿ
ಆಗಸ್ಟ್ ೨೦, ಬುಧವಾರ

ಪ್ರೀತಿಯ ಮೇಧಾ,

ಫೋನು ಮಾಡಿದರೆ ನೀನು ಮಾತಾಡುವ ಹಾಗಿಲ್ಲ. ನಾನೊಬ್ಬಳೇ ವಟವಟ ಅಂದು, ನೀನು ಆ ಕಡೆ ಉಸಿರು ಬಿಡುವುದನ್ನು ಕೇಳಿಕೊಂಡು ಕೂರುವುದು ನನ್ನಿಂದಾಗದು. ಅದಕ್ಕೇ ಕಾಗದ. ಸಂಜೆ ನಿನ್ನ ಅಮ್ಮ ಗಂಗತ್ತೆ ಟೈಲರಿಂಗ್ ಅಂಗಡಿ ಮುಚ್ಚಿ ಸೋಂದಾ ಬಸ್ಸಿಗೆ ಹೋಗುವಾಗ ಅವರ ಕೈಗೆ ಕೊಡುತ್ತೇನೆ. ಕಡಲೆ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವರು ಅವರು. ಹಾಗಾಗಿ ಲಕೋಟೆಗೆ ಚೆನ್ನಾಗಿ ಗೋಂದು ಹಚ್ಚಿಯೇ ಕೊಡಬೇಕು.

ಡಾಕ್ಟರು ಪಿಸುಮಾತನ್ನೂ ಆಡಬಾರದು ಅಂದರಂತೆ. ನೀನು ಸ್ಲೇಟಿನ ಮೇಲೆ 'ಅನ್ನ ಸಾಕು' ಅಂತ ಬರೆದು ತೋರಿಸುತ್ತೀಯೆಂದು ಗಂಗತ್ತೆ ಹೇಳಿದರು. ಹೇಳುತ್ತಾ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ನಾನು ಬಟ್ಟೆಯ ಅಳತೆ ನೋಡುವವಳ ಹಾಗೆ ಟೇಪು ಹಿಡಿದು ನಿಂತೆ.

ಶಾಲೆಯ ಸುದ್ದಿ ಕೇಳು. ಬೆಳಿಗ್ಗೆ ಪ್ರಾರ್ಥನೆಗೆ ಈಗ ನಿನ್ನ ಬದಲು ನಾನೇ ಮುಂದೆ ಹಾಡಿಕೊಡುವುದು. ಸೋಮವಾರ ಹಾರ್ಮೋನಿಯಂ ಮುಂದೆ ಕೂತಾಗ ಬೆರಳು ರೂಢಿಯಂತೆ ಕಪ್ಪು ನಾಲ್ಕರ ಮನೆಗೇ ಹೋಯಿತು. ಅದು ನಿನ್ನ ಶ್ರುತಿ, ನನಗೆ ಮುಟ್ಟದಷ್ಟು ಎತ್ತರ. ಎರಡನೇ ಚರಣ ಮೇಲೆ ಹೋದಲ್ಲಿ ನನ್ನ ದನಿ ನಿಂತೇ ಹೋಯಿತು. ಹಿಂದೆ ಹೇಳುವವರೂ ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಒಂಬತ್ತನೇ ತರಗತಿಯ ಸುಹಾಸ ಒಬ್ಬನೇ ಗೊಗ್ಗರು ದನಿಯಲ್ಲಿ ಹಾಡಿ ಮುಗಿಸಿದ. ನೀನಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನಗೆ ನಗು ಬರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದೆ. ಸುತ್ತಿ ಬಳಸಿ ಬರೆಯುತ್ತಿದ್ದೇನೆ ಅಂತ ನಿನಗೆ ಗೊತ್ತಾಗಿರುತ್ತದೆ.

ಸ್ವಾತಂತ್ರ್ಯ ದಿನದ ಪರೇಡಿನ ಅಭ್ಯಾಸ ಶುರುವಾದ ವಾರ ನೆನಪಿದೆಯಲ್ಲ. ಶಾಲಾ ನಾಯಕಿ ನಾನು, ಕಮಾಂಡ್ ಕೊಡಬೇಕಾದವಳೂ ನಾನು. ನಾನು 'ಸಾವಧಾನ್' ಅಂದಾಗಲೆಲ್ಲ 'ಧಾನ್' ಅನ್ನುವಲ್ಲಿ ದನಿ ಸೀಳಿ ಹೋಗುತ್ತಿತ್ತು. ಹಿಂದಿನ ಸಾಲಿನಲ್ಲಿ ಸಂದೇಶ ಅದನ್ನೇ ಅಣಕಿಸುತ್ತಿದ್ದ, ಸಾಲಿಗೆ ಸಾಲೇ ಕುಲುಕುತ್ತಿತ್ತು. ಪಿ.ಟಿ. ಸರ್ ಸಿಟ್ಟು ಮಾಡಲಿಲ್ಲ. ಅವರು ಬನವಾಸಿ ಕಡೆಯ ಮಾತಿನಲ್ಲಿ, "ಏ ತಂಗಿ, ನಿನ್ ದನಿ ಕೊಡಪಾನದಾಗ ಕೂಗಿದಂಗ ಅದ. ಗೇಟಿನ ತನಕಾ ಕೇಳಬೇಕು. ಯಾರ ಗಂಟ್ಲು ಗಟ್ಟಿ ಐತಿ, ನೀನ ಹೇಳು" ಅಂದರು.

ನಾನು ನಿನ್ನ ಹೆಸರು ಹೇಳಿದೆ. ಸರ್ ತಾವಾಗಿ ನಿನ್ನನ್ನು ಆರಿಸಿದರು ಅಂತ ನಾನು ನಿನಗೆ ಹೇಳಿದ್ದು ಸುಳ್ಳು.

ಅದರ ಹಿಂದಿನ ದಿನವೇ ಸಂಗೀತದ ಅಕ್ಕೋರು ನನ್ನನ್ನು ಕರೆದು ಹೇಳಿದ್ದರು: "ಮೇಧಾಳ ಗಂಟಲು ಜ್ವರ ಬಂದ ಮೇಲೆ ಈಗಷ್ಟೇ ಸರಿಹೋಗ್ತಾ ಇದೆ. ಇಪ್ಪತ್ತಮೂರರ ಹಾಡಿನ ಸ್ಪರ್ಧೆ ತನಕ ಅವಳನ್ನ ಕೂಗಿಸಬೇಡಿ ಅಂತ ಪಿ.ಟಿ. ಸರ್‌ಗೆ ಹೇಳು, ನಾಯಕಿ ನೀನೇ ಅಲ್ವಾ." ಹೂಂ ಅಂದಿದ್ದೆ. ಹೇಳಲಿಲ್ಲ. ಮರೆತದ್ದಲ್ಲ. ಹೇಳಿದರೆ ಮತ್ತೆ ನಾನೇ ಆ ಮೈದಾನದ ನಡುವೆ ನಿಂತು ಸಂದೇಶನ ಅಣಕು ಕೇಳಬೇಕಿತ್ತು.

ಎರಡನೇ ದಿನ ನೀನು ಕುತ್ತಿಗೆ ಹಿಡಿದುಕೊಂಡು ಬಂದು, "ಗಂಟ್ಲು ಉರೀತಾ ಇದ್ದೇ. ಸರ್ ಹತ್ರ ಹೇಳಿದ್ಯನೇ?" ಅಂತ ಕೇಳಿದೆ. ನಾನು ಶೂ ಲೇಸು ಕಟ್ಟುತ್ತಿದ್ದೆ. ತಲೆ ಎತ್ತದೆ, "ಆನು ಹೇಳಿದ್ದೆ, ಎಂತೂ ಆಗ್ತಿಲ್ಲೆ ಅಂದ್ರು" ಅಂದೆ. ನೀನು ಮಳೆಯಲ್ಲೇ ಹೋಗಿ ನಿಂತು ಕೂಗಿದೆ. ದೊಡ್ಡವರು ಹೇಳಿದ ಮೇಲೆ ಇಲ್ಲ ಅನ್ನುವವಳಲ್ಲ ನೀನು. ಅದು ನನಗೆ ಗೊತ್ತಿತ್ತು ಮಾರಾಯ್ತಿ. ಅದನ್ನು ನಂಬಿಕೊಂಡೇ ಹೇಳಿದ್ದು.

ಹದಿನೈದನೇ ತಾರೀಕು ನಮ್ಮ ಶಾಲೆಗೆ ಪರೇಡಿನಲ್ಲಿ ಮೊದಲ ಬಹುಮಾನ ಬಂತು. ನಿನ್ನ ದನಿ ಧ್ವನಿವರ್ಧಕ ಇಲ್ಲದೆ ಮೈದಾನದ ಆಚೆಯ ರಸ್ತೆಗೂ ಕೇಳಿತಂತೆ. ಬಹುಮಾನ ತೆಗೆದುಕೊಳ್ಳಲು ನಾಯಕಿಯೆಂದು ನನ್ನನ್ನು ಕರೆದರು. ನಾನು ಇಳಿದು ಬರುವಷ್ಟರಲ್ಲಿ ನೀನು ಬಾಯಿ ತೆರೆದು ಏನೋ ಹೇಳಲು ನೋಡಿದೆ, ಗಾಳಿ ಮಾತ್ರ ಬಂತು. ನಾನು ತಮಾಷೆ ಮಾಡುತ್ತಿದ್ದೀಯ ಅಂದುಕೊಂಡು ನಿನ್ನ ಬೆನ್ನಿಗೆ ಗುದ್ದಿದೆ.

ಇನ್ನು ಮುಂದಿನದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಸೋಮವಾರ ಗಂಗತ್ತೆ ಶಾಲೆಗೆ ಬಂದಿದ್ದರು. ಹೆಡ್ ಮೇಡಂ ಕೋಣೆಯಲ್ಲಿ ಪಿ.ಟಿ. ಸರ್ ಇದ್ದರು, ನನ್ನನ್ನೂ ಕರೆಸಿದರು. ಗಂಗತ್ತೆ ಸಿಟ್ಟಿನಲ್ಲಿ, ಬೇಡ ಅಂತ ಸಂಗೀತದ ಅಕ್ಕೋರು ಮೊದಲೇ ಹೇಳಿ ಕಳಿಸಿದರೂ ಹುಡುಗಿಯನ್ನು ಕೂಗಿಸಿದಿರಲ್ಲ, ನಿಮಗೆ ಮಕ್ಕಳಿಲ್ಲವೇ ಅಂತ ಕೇಳಿದರು. ಸರ್ ಎದ್ದು ನಿಂತು, "ತಪ್ಪಾತ್ರಿ ಅಕ್ಕಾರ. ಆದ್ರ ಖರೇನ ನನಗ ಯಾರೂ ಹೇಳಿಲ್ರಿ" ಅಂದರು. ಗಂಗತ್ತೆ ನನ್ನ ಕಡೆ ಕೈ ತೋರಿಸಿದರು. ಹೆಡ್ ಮೇಡಂ ನನ್ನನ್ನು, ಹೇಳಿದ್ದೆಯಾ ಅಂತ ಕೇಳಿದರು.

ನಾನು ಹೌದೆಂದು ತಲೆ ಆಡಿಸಿದೆ.

ಸರ್ ನನ್ನನ್ನು ನೋಡಿದರು. ಬೈಯುವ ನೋಟವಲ್ಲ ಅದು. ತಾನೇ ಮರೆತೆನೇನೋ ಅಂತ ನೆನಪು ಮಾಡಿಕೊಳ್ಳುವ ಹಾಗೆ ನೋಡಿದರು. ಆಮೇಲೆ, "ಹೇಳಿರಬೇಕ್ರಿ, ಮೈದಾನದ ಗದ್ದಲದಾಗ ನನಗ ಕೇಳ್ಸಿರಾಕಿಲ್ಲ" ಅಂದು ಕುತ್ತಿಗೆಯ ಸೀಟಿ ತೆಗೆದು ಕಿಸೆಗೆ ಹಾಕಿಕೊಂಡರು. ಆವತ್ತಿನಿಂದ ಅವರು ಸೀಟಿ ಊದಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಚೆಂಡು ಎಸೆದು, ಆಡ್ಕೊಳ್ರಿ ಅಂದು ಕಟ್ಟೆಯ ಮೇಲೆ ಕೂರುತ್ತಾರೆ. ಯಾರಾದರೂ ಜೋರಾಗಿ ಕೂಗಿದರೆ ಬೆಚ್ಚಿ, ಗಂಟ್ಲು ಜ್ವಾಕಿ ಅನ್ನುತ್ತಾರೆ. ಹುಡುಗರು ಅದನ್ನೂ ಅಣಕಿಸುತ್ತಾರೆ. ನನಗೆ ಸಂದೇಶನ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ. ಬಾರಿಸಿಕೊಳ್ಳಬೇಕಾದವಳು ನಾನು.

ಇನ್ನೂ ಒಂದಿದೆ. ಈ ಶನಿವಾರದ ಸ್ಪರ್ಧೆಗೆ ನಿನ್ನ ಬದಲು ಯಾರು ಅಂತ ಅಕ್ಕೋರು ಮಾತು ತೆಗೆದರು. ಅವರು ಪೂರ್ತಿ ಕೇಳುವ ಮೊದಲೇ ನಾನು ಆಗಲಿ ಅಂದುಬಿಟ್ಟೆ. ಅಷ್ಟು ಬೇಗ ಅಂದದ್ದು ನೋಡಿ ನನಗೇ ನನ್ನ ಮೇಲೆ ಹೇಸಿಗೆ ಹುಟ್ಟಿತು. ನಿನ್ನ ಗಂಟಲು ಹಾಳಾಗಲಿ ಅಂತ ನಾನು ಬಯಸಿರಲಿಲ್ಲ ಮೇಧಾ, ಆಣೆ ಮಾಡಿ ಹೇಳುತ್ತೇನೆ. ಆದರೆ ಹಾಳಾದ ಮೇಲೆ ಒಳಗೆ ಎಲ್ಲೋ ಒಂದು ಮೂಲೆ, ಈ ಸಲ ನನ್ನದೇ ಸರದಿ ಅಂದದ್ದು ನಿಜ. ಮೂರನೇ ತರಗತಿಯಿಂದ ನಿನ್ನ ಹಿಂದೆ ಹಾಡಿದ್ದೇನಲ್ಲ.

'ನೀನು ಬೇಡ ಅಂದರೆ ನಾನು ಹಾಡುವುದಿಲ್ಲ' ಅಂತ ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಅದೂ ನನ್ನ ಹೊರೆಯನ್ನು ನಿನ್ನ ತಲೆಗೆ ಕಟ್ಟುವ ಬುದ್ಧಿಯೇ. ಶನಿವಾರ ನಾನು ಹಾಡುವುದಿಲ್ಲ, ಅಷ್ಟೇ. ನಾಳೆ ಪ್ರಾರ್ಥನೆ ಮುಗಿದ ಕೂಡಲೇ ಅಕ್ಕೋರಿಗೂ ಹೆಡ್ ಮೇಡಂಗೂ ಎಲ್ಲ ಹೇಳಿ, ಸರ್ ಹತ್ತಿರ ಹೋಗುತ್ತೇನೆ. ನಿನ್ನೆಯೂ ಹೀಗೇ ಅಂದುಕೊಂಡು ಹೋಗಿದ್ದೆ. ಅವರು ಕಟ್ಟೆಯ ಮೇಲಿಂದಲೇ ನನಗೆ, ಊಟ ಆತೇನು ತಂಗಿ ಅಂತ ಕೇಳಿದರು. ಆತ್ರಿ ಸರ್ ಅಂದು ವಾಪಸು ಬಂದೆ.

ಇದರ ಜೊತೆ ಇರುವ ಪೊಟ್ಟಣದಲ್ಲಿ ಜ್ಯೇಷ್ಠಮಧು ಇದೆ. ಬಾಯಲ್ಲಿಟ್ಟುಕೊಂಡು ರಸ ನುಂಗು, ಅಗಿಯಬೇಡ. ತಂದದ್ದು ನಾನಲ್ಲ, ಪಿ.ಟಿ. ಸರ್. "ನಾನು ಕೊಟ್ಟೆ ಅನ್ನಬೇಡ, ನಿನ್ನದೇ ಅಂತ ಕೊಡು, ಇಲ್ಲಾಂದ್ರ ಆ ಹುಡುಗಿ ಅವ್ವಾರು ಮುಟ್ಟಂಗಿಲ್ಲ" ಅಂದಿದ್ದರು.

ನನ್ನ ಜೊತೆ ಮಾತು ಬಿಡಬೇಡ ಅಂತ ಕೇಳುವ ಮುಖ ನನಗಿಲ್ಲ. ನೀನು ಮಾತಾಡುವ ಹಾಗಾದ ದಿನ ಮೊದಲು ನನ್ನನ್ನು ಬೈದರೂ ಸಂತೋಷ. ಗಟ್ಟಿಯಾಗಿ ಮಾತ್ರ ಬೈಯಬೇಡ.

ಇಷ್ಟಾದ ಮೇಲೂ ನಿನ್ನವಳೇ ಅಂದುಕೊಂಡಿರುವ,
ಅಭಿಜ್ಞಾ

ತಾ.ಕ.: ನಾಳೆಯೂ ಸರ್ ಊಟದ ಸುದ್ದಿ ಕೇಳಿದರೆ ನಾನು ವಾಪಸೇ ಬರುತ್ತೇನೆ, ನನಗೆ ನನ್ನ ಬುದ್ಧಿ ಗೊತ್ತು. ಗೋಂದಿನ ಬಾಟಲಿ ಇಲ್ಲೇ ಮೇಜಿನ ಮೇಲಿದೆ, ಲಕೋಟೆಗೆ ಹಚ್ಚಲಿಲ್ಲ. ಸೋಂದಾ ಮುಟ್ಟುವಷ್ಟರಲ್ಲಿ ಗಂಗತ್ತೆ ಓದಿ ಮುಗಿಸಿರುತ್ತಾರೆ.